ಮಾವನ ಜಾಲರಿ ಗೇಟು

ನನ್ನ ಸೋದರಮಾವ ಲಿಫ್ಟು ಹತ್ತುವ ಮೊದಲು ಅದರ ಅಪ್ಪಣೆ ಕೇಳುತ್ತಾರೆ ಎಂದರೆ ನೀವು ನಂಬಲಿಕ್ಕಿಲ್ಲ! ಉಡುಪಿಯ ಅವರ ಹಳೆಯ ಕಟ್ಟಡದಲ್ಲಿ ನಾನೇ ಕಣ್ಣಾರೆ ನೋಡಿದ್ದೇನೆ. ಕಬ್ಬಿಣದ ಜಾಲರಿ ಗೇಟನ್ನು ಕರಕರ ಎಳೆದು, ಒಳಗೋಡೆಯನ್ನು ಮೆಲ್ಲಗೆ ತಟ್ಟಿ, "ಹೋಗುವನಾ?" ಎನ್ನುತ್ತಿದ್ದರು. ಅದು ಒಮ್ಮೆ ನಡುಗಿ ಹೊರಟರೆ ಒಪ್ಪಿಗೆ ಸಿಕ್ಕಿತೆಂದು ಲೆಕ್ಕ. ಹೊರಡದಿದ್ದರೆ? ಒಳಗಿದ್ದವರಲ್ಲಿ ದಪ್ಪಗಿರುವವರ ಮುಖ ನೋಡುತ್ತಿದ್ದರು. ನಾನು ಹೆಚ್ಚಾಗಿ ಮೆಟ್ಟಿಲು ಹತ್ತಿಯೇ ಹೋದವನು.

ಮೇಲೆ ಯಾರಾದರೂ ಗೇಟು ಸರಿಯಾಗಿ ಹಾಕದೆ ಹೋದರೆ ಲಿಫ್ಟು ಅಲ್ಲೇ ಠಿಕಾಣಿ ಹೂಡುತ್ತಿತ್ತು. ಆಗ ಮಾವ ಕತ್ತೆತ್ತಿ, "ಗೇಟು ಹಾಕಿ ಮಾರಾಯ್ರೇ!" ಎಂದು ಅಬ್ಬರಿಸಿದರೆ ರಸ್ತೆಯಾಚೆಯ ಅಂಗಡಿಯವರೂ ತಮ್ಮ ಶಟರನ್ನೊಮ್ಮೆ ನೋಡಿಕೊಳ್ಳುತ್ತಿದ್ದರು.

ಲಿಫ್ಟಿಗೂ ವಯಸ್ಸಾಯಿತು. ಬಿಡಿಭಾಗ ಸಿಗುವುದು ನಿಂತಿತು. ಕಟ್ಟಡದ ಮನೆಯವರೆಲ್ಲ ಪಾರ್ಕಿಂಗ್‌ನಲ್ಲಿ ಸಭೆ ಸೇರಿದಾಗ ಕಂಪೆನಿಯವನು ಹೊಸದರ ಚಿತ್ರ ತೋರಿಸಿದ. ಫಳಫಳ ಸ್ಟೀಲು, ತಾನಾಗಿ ಮುಚ್ಚುವ ಬಾಗಿಲು! ಬೆಲೆ ಕೇಳಿ ಮೂರನೇ ಮಹಡಿಯ ಟೀಚರು, "ಇಷ್ಟು ದುಡ್ಡಿಗೆ ಪೆರ್ಡೂರಿನಲ್ಲಿ ಜಾಗವೇ ಸಿಗ್ತಿತ್ತು, ಅಲ್ವಾ?" ಎಂದರು. ಗೊಣಗುತ್ತಲೇ ಎಲ್ಲರೂ ಒಪ್ಪಿದರು, ಮಾವನೊಬ್ಬರನ್ನು ಬಿಟ್ಟು. ಇವರು ದುಡ್ಡು ಬಿಚ್ಚುವವರಲ್ಲ ಎಂದು ನಾನೂ ಅಂದುಕೊಂಡೆ.

"ನನ್ನ ಪಾಲು ಈಗಲೇ ಕೊಡ್ತೇನೆ. ಜಾಲರಿ ಗೇಟು ಉಂಟಾ ಇದಕ್ಕೆ?"

"ಈಗ ಅದೆಲ್ಲ ಬರುವುದಿಲ್ಲ ಸರ್."

"ಹಾಗಾದ್ರೆ ಇವಳು ಜನರನ್ನು ನೋಡುವುದು ಹೇಗೆ?"

ಇವಳೆಂದರೆ ಅತ್ತೆ, ಮಾವನ ಹೆಂಡತಿ. ಅತ್ತೆಗೆ ಒಂದು ಬದಿ ಸ್ವಾಧೀನ ತಪ್ಪಿತ್ತು. ಗಾಲಿಕುರ್ಚಿಯಲ್ಲಿ ರಸ್ತೆಗೆ ಬರಲು ಅವರು ಸುತರಾಂ ಒಪ್ಪುತ್ತಿರಲಿಲ್ಲ. ದಿನಾ ಸಂಜೆ ಮಾವ ಅವರನ್ನು ಲಿಫ್ಟಿನಲ್ಲಿ ಸುಮ್ಮನೆ ಮೇಲೆ ಕೆಳಗೆ ತಿರುಗಾಡಿಸುತ್ತಿದ್ದರು. ಆಮೆಗತಿಯ ಆ ಲಿಫ್ಟು ಒಂದೊಂದು ಮಹಡಿ ದಾಟುವಾಗಲೂ ಜಾಲರಿಯಾಚೆಯಿಂದ ಯಾರಾದರೂ "ಎಂತ ಅಕ್ಕ, ಚಾ ಆಯ್ತಾ?" ಎನ್ನುತ್ತಿದ್ದರು. ಅತ್ತೆಯ ಪೇಟೆ ತಿರುಗಾಟ ಅಷ್ಟೇ. ಅದನ್ನು ನೋಡಿ ನಕ್ಕವರೆಲ್ಲ ಈಗ ನೆಲ ನೋಡುತ್ತಿದ್ದೆವು.

ಹಳೆಯದು ಎಷ್ಟೆಂದು ಎಳೆದೀತು? ಹೊಸ ಲಿಫ್ಟು ಬಂದೇ ಬಂತು. ಮೊದಲ ಸಂಜೆ ಅವರ ಜೊತೆ ನಾನೂ ಹತ್ತಿದೆ. ಮಾವ ಸ್ಟೀಲಿನ ಗೋಡೆ ತಟ್ಟಿ, "ಹೋಗುವನಾ?" ಎಂದರು. ಅದು ನಡುಗಲೂ ಇಲ್ಲ, ಹೊರಟಿತು.

ಮೂರನೇ ಮಹಡಿಯಲ್ಲಿ ನಿಂತಿತು. ಬಾಗಿಲು ತೆರೆಯಿತು. ಗುಂಡಿ ಒತ್ತಿದ್ದ ಟೀಚರು ಒಳಗೆ ಬರಲಿಲ್ಲ.

"ಎಂತ ಅಕ್ಕ, ಚಾ ಆಯ್ತಾ?"

ಅವರು ಅದಕ್ಕೆಂದೇ ಕಾದು ನಿಂತಿದ್ದರು. ಅತ್ತೆಗೆ ಒಂದು ಮಾತು ಹೊರಡಲು ಈಗ ಬಹಳ ಹೊತ್ತು ಬೇಕು. ತುಟಿ ಅಲುಗುತ್ತಿದ್ದ ಹಾಗೆ ಬಾಗಿಲು ಮುಚ್ಚತೊಡಗಿತು. ಜೀವಮಾನವಿಡೀ ಗೇಟು ಹಾಕಿ ಎಂದು ಕೂಗಿದ ಮಾವ ಚಪ್ಪಲಿ ಕಾಲನ್ನು ಅಡ್ಡ ಇಟ್ಟು, ಹೊಸ ಲಿಫ್ಟಿಗೆ ಮೆಲ್ಲಗೆ ಹೇಳಿದರು:

"ಸ್ವಲ್ಪ ನಿಲ್ಲು ಮಾರಾಯ. ಅವಳು ಹೇಳಿ ಮುಗಿಸಲಿ."