ರೊಟ್ಟಿಯ ಪಕ್ಕದ ಸೊಪ್ಪು, ರಕ್ತದ ನಂಬರು

ಓದುಗರಿಗೆಲ್ಲ ಶರಣು. ಶಾಲೆಗೂ ತಡವಾಗಿ ಹೋದವನು, ಕಂಪ್ಯೂಟರಿಗೂ ತಡವಾಗಿ ಬಂದವನು ನಾನು. ಒಂದೇ ಬೆರಳಿನಲ್ಲಿ ಬರೆಯುತ್ತಿದ್ದೇನೆ. ತಪ್ಪು ಕಂಡರೆ ಬೆರಳನ್ನು ಬಯ್ದು ನನ್ನನ್ನು ಕ್ಷಮಿಸಿ.

ಗದಗದ ಕಡೆಯಿಂದ ಬಂದು ಮಾಕಳಿಯಲ್ಲಿ ಮನೆ ಮಾಡಿ, ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಓಡಿಸುತ್ತಿದ್ದೆ. ಒಂದು ದಿನ ಎಡಗಾಲು ಕುಂಬಳಕಾಯಿಯಂತೆ ಊದಿತು. ಒಳಗೆ ರಕ್ತ ಹೆಪ್ಪುಗಟ್ಟಿದೆಯೆಂದು ಡಾಕ್ಟರಮ್ಮ ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟರು. ಆಗಾಗ ರಕ್ತ ಪರೀಕ್ಷೆ. ರಕ್ತ ತೆಳುವಾದಷ್ಟೂ ಏರುವ ಅದರ ನಂಬರು ಎರಡು-ಮೂರರ ನಡುವೆ ನಿಲ್ಲಬೇಕು. ಅಲ್ಲಿಯವರೆಗೆ ಲೇತ್ ಮುಟ್ಟದೆ ಗೇಟಿನಲ್ಲಿ ಕೂತು ಲಾರಿ ನೋಡಿಕೋ ಎಂದರು ಸೂಪರ್‌ವೈಸರ್. ಕಬ್ಬಿಣ ಕಡೆದ ಕೈ ಗೇಟು ತಳ್ಳುವುದೇ! ನಂಬರು ತಾನೆ, ತಂದರಾಯಿತು ಎಂದುಕೊಂಡು ಗೇಟಿನಲ್ಲಿ ಕೂತೆ.

ನಂಬರು ಮೇಲೇಳಲೇ ಇಲ್ಲ. ಊಟ ಏನೆಂದು ಡಾಕ್ಟರಮ್ಮ ಕೇಳಿದರು. ರೊಟ್ಟಿ, ಪಲ್ಯ, ಅನ್ನ, ಸಾರು ಎಂದೆ. ಮಾತ್ರೆ ನುಂಗುತ್ತಿಲ್ಲವೆಂದು ಅನುಮಾನಪಟ್ಟು, ನಾನು ಆಣೆ ಮಾಡಿದ ಮೇಲೆ ಡೋಸು ಏರಿಸಿದರು. ಈ ಅವಮಾನ ತಾಗಿದ್ದು ನನ್ನ ಹೆಂಡತಿ ಶಾಂತವ್ವನಿಗೆ. ಅಂದಿನಿಂದ ಮಾತ್ರೆ ನುಂಗಿಸಿ, "ಬಾಯಿ ತಗೀರಿ. ನಾಲಿಗಿ ಎತ್ರಿ" ಎಂದು ತಪಾಸಣೆ. ತೆಳುವಾದ ರಕ್ತಕ್ಕೆ ಶಕ್ತಿ ಬರಲೆಂದು ರೊಟ್ಟಿಯ ಪಕ್ಕ ಇಡುವ ಹಸಿ ಮೆಂತ್ಯ, ಹಕ್ಕರಕಿ ಸೊಪ್ಪನ್ನೂ ಇಮ್ಮಡಿ ಮಾಡಿದಳು. ನಂಬರು ಇನ್ನೂ ಇಳಿಯಿತು. ಡೋಸು ಇನ್ನೂ ಏರಿತು!

ಮುಂದಿನ ಸಲ ಆಸ್ಪತ್ರೆಯ ಬೆಂಚಿನ ಮೇಲೆ ಬುತ್ತಿ ಬಿಚ್ಚಿದ್ದೆ. ಡಾಕ್ಟರಮ್ಮ ಅದೇ ದಾರಿಯಲ್ಲಿ ಬಂದರು.

"ಏನ್ರೀ ಇದು, ಇಷ್ಟೊಂದು ಸೊಪ್ಪು? ಊಟ ಕೇಳಿದಾಗ ಹೇಳ್ಲೇ ಇಲ್ವಲ್ಲ?"

"ಇದು ಊಟ ಅಲ್ರೀ ಮೇಡಂ. ರೊಟ್ಟಿ ಜೋಡಿ ಹಂಗ ಇರತೈತಿ."

ಅವರು ಹಣೆ ಒತ್ತಿಕೊಂಡರು. ಈ ಸೊಪ್ಪೇ ಮಾತ್ರೆಯ ಕೆಲಸ ಕೆಡಿಸುತ್ತಿತ್ತಂತೆ. "ಪೂರ್ತಿ ಬಿಡ್ಬೇಡಿ. ದಿನಾ ಒಂದೇ ಅಳತೆ ತಿನ್ನಿ" ಎಂದರು.

ನಾನು ಪೂರ್ತಿ ಬಿಟ್ಟೆ. ತ್ಯಾಗ ಮಾಡಿದರೆ ಅರ್ಧಂಬರ್ಧ ಮಾಡಬಾರದು!

ಏರಿದ ಡೋಸಿಗೆ ಈಗ ಎದುರಾಳಿಯೇ ಇಲ್ಲ. ವಾರ ಕಳೆದದ್ದೇ, ಮುಂದಿನ ಪರೀಕ್ಷೆಗೂ ಕಾಯದೆ, ಲೇತಿಗೆ ಮರಳುವ ಹುಮ್ಮಸ್ಸಿನಲ್ಲಿ ಗಡ್ಡ ಬೋಳಿಸಿದೆ. ಗದ್ದಕ್ಕೆ ಸಣ್ಣದೊಂದು ಗೀರು. ರಕ್ತ ನಿಲ್ಲಲಿಲ್ಲ. ಟವೆಲ್ ಒತ್ತಿಕೊಂಡೇ ಕಾರ್ಖಾನೆ ತಲುಪಿದೆ, ಅಂಗಿಯೆಲ್ಲ ಕೆಂಪು. ಗೇಟಿನ ಸೆಕ್ಯೂರಿಟಿ ಮೆಲ್ಲಗೆ ಕೇಳಿದ: "ಯಾರ್ ಹೊಡೆದಿದ್ದು ಅಣ್ಣಾ? ಅತ್ಗೇನಾ?"

ಸೀದಾ ಆಸ್ಪತ್ರೆಗೆ ಸಾಗಿಸಿದರು. ನಂಬರು ಆರು ದಾಟಿತ್ತು. ನನ್ನ ಜೀವಮಾನದಲ್ಲಿ ಯಾವ ಪರೀಕ್ಷೆಯಲ್ಲೂ ಇಷ್ಟು ಹೆಚ್ಚು ಬಂದಿರಲಿಲ್ಲ!

ಈಗ ಶಾಂತವ್ವ ದಿನಾ ಒಂದೇ ಹಿಡಿ ಸೊಪ್ಪು ಅಳೆದು ಹಾಕುತ್ತಾಳೆ. ಡೋಸೂ ಇಳಿದಿದೆ, ನಂಬರು ಎರಡೂವರೆಯಲ್ಲಿ ಅಲುಗದೆ ನಿಂತಿದೆ. ಅದನ್ನು ಹೆಮ್ಮೆಯಿಂದ ಸೂಪರ್‌ವೈಸರಿಗೆ ತೋರಿಸಿದೆ. ಅವರು ಬೆನ್ನು ತಟ್ಟಿದರು: "ಗೇಟನ್ನ ನಿನ್ನಷ್ಟು ಚೆನ್ನಾಗಿ ಯಾರೂ ನೋಡ್ಕೊಂಡಿಲ್ಲ ಕಣಯ್ಯಾ. ಅಲ್ಲೇ ಇರು."

ಲಾರಿ ಬರದ ಹೊತ್ತಿನಲ್ಲಿ ಇಲ್ಲೇ ಕೂತು ಇದನ್ನು ಬರೆದಿದ್ದೇನೆ. ಡಾಕ್ಟರ ಮಾತಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಬಿದ್ದವರು ನಿಮ್ಮಲ್ಲೂ ಇದ್ದರೆ ಬರೆಯಿರಿ. ಓದಲು ನನಗೆ ಬೇಕಾದಷ್ಟು ಸಮಯವಿದೆ.