ಗಂಟಿನ ಕೆಳಗಿನ ಚಿಗುರು

ತಾನು ಮಾಡಿ ನೋಡದ ಕೆಲಸವನ್ನು ಬೇರೆಯವರಿಗೆ ಕಲಿಸುವಷ್ಟು ಸುಲಭದ ಉದ್ಯೋಗ ಇನ್ನೊಂದಿಲ್ಲ. ಅದನ್ನು ನಾನು ಮೂವತ್ತೊಂದು ವರ್ಷ ಮಾಡಿ, ಶಾಲು ಹೊದಿಸಿಕೊಂಡು ನಿವೃತ್ತನೂ ಆಗಿದ್ದೇನೆ. ಬೆಳ್ತಂಗಡಿ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ನನಗೆ ಗಿಡಕ್ಕೆ ಕಸಿ ಕಟ್ಟುವ ಪಾಠವೆಂದರೆ ಬಲು ಪ್ರೀತಿ, ಯಾಕೆಂದರೆ ಅದರ ಚಿತ್ರ ಸುಲಭ. ಬೇರಿರುವ ಗಿಡಕ್ಕೆ ಬಿಳಿ ಸೀಮೆಸುಣ್ಣ, ಮೇಲೆ ಕೂರಿಸುವ ಕಡ್ಡಿಗೆ ಹಸಿರು, ನಡುವಿನ ಗಂಟಿಗೆ ಕೆಂಪು. ಬಾಣ ಎಳೆದು ಭಾಗಗಳನ್ನು ಹೆಸರಿಸಿದವರಿಗೆ ನಾಲ್ಕು ಅಂಕ. ಕರಿಹಲಗೆಯ ಮೇಲೆ ನಾನು ಕಟ್ಟಿದ ಕಸಿ ಒಂದೂ ಸತ್ತದ್ದಿಲ್ಲ.

ಒಂದು ವರ್ಷ ಹಿಂದಿನ ಬೆಂಚಿನಿಂದ ಹರಿಣಾಕ್ಷಿ ಎಂಬ ಹುಡುಗಿ ಎದ್ದು ನಿಂತಳು. “ಸರ್, ಮೇಲಿನ ಕಡ್ಡಿ ಸತ್ತು ಗಂಟಿನ ಕೆಳಗೆ ಚಿಗುರಿದ್ರೆ ಅದು ಯಾವ ಮರ ಆಗ್ತದೆ?” ಎಂದು ಕೇಳಿದಳು. “ಅದು ಪರೀಕ್ಷೆಗೆ ಬರುವುದಿಲ್ಲ, ಕೂತುಕೋ” ಎಂದೆ. ಕೂತಳು. ವಿಜ್ಞಾನದಲ್ಲಿ ಹೇಗೋ ದಡ ಸೇರಿದಳು. ಈಗ ಅಳದಂಗಡಿಯಲ್ಲಿ ಅವಳದ್ದೇ ಒಂದು ಸಣ್ಣ ನರ್ಸರಿ ಇದೆ. ಸುತ್ತಲಿನವರು ಮಾವು, ಹಲಸಿಗೆ ಕಸಿ ಕಟ್ಟಿಸಲು ಅವಳನ್ನು ಹುಡುಕಿಕೊಂಡು ಹೋಗುತ್ತಾರೆ. ಇದನ್ನು ಯಾರಾದರೂ ಹೇಳಿದರೆ, “ಹೌದು, ನನ್ನ ಶಿಷ್ಯೆ” ಎಂದು ನಾನು ಅರ್ಧ ಹೆಸರು ನನ್ನ ಕಡೆ ಎಳೆದುಕೊಳ್ಳುತ್ತಿದ್ದೆ.

ನನ್ನ ಅಕ್ಕ ಇರುವುದು ಕಕ್ಕಿಂಜೆಯಲ್ಲಿ, ರಸ್ತೆಗೆ ತಾಗಿದ ಮನೆ. ಅಂಗಳದ ಮೂಲೆಯಲ್ಲಿ ಒಂದು ಕಾಟು ಮಾವಿನ, ಅಂದರೆ ಕಾಡುಮಾವಿನ, ಮರವಿತ್ತು. ಹಣ್ಣು ನಿಂಬೆಗಿಂತ ತುಸು ದೊಡ್ಡದು, ಅದರಲ್ಲೂ ಮುಕ್ಕಾಲು ಪಾಲು ಗೊರಟು. ಆದರೆ ಎಲೆ ಹಿಸುಕಿದರೂ ಜೀರಿಗೆಯ ಪರಿಮಳ. ಅದರ ಕಾಯಿಯನ್ನು ಅಕ್ಕ ಭರಣಿಯಲ್ಲಿ ಉಪ್ಪುನೀರು ತುಂಬಿ ಹಾಕಿಡುತ್ತಿದ್ದಳು. ಭಾವ ಹಾಸಿಗೆ ಹಿಡಿದ ಕೊನೆಯ ತಿಂಗಳುಗಳಲ್ಲಿ, ನಂಜಿಕೊಳ್ಳಲು ಆ ಮಾವು ಇದ್ದರೆ ಮಾತ್ರ ಗಂಜಿ ಕುಡಿಯುತ್ತಿದ್ದರು. ಕಳೆದ ವರ್ಷ ರಸ್ತೆ ಅಗಲ ಮಾಡುವವರು ಬಂದು ಆ ಮರಕ್ಕೆ ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋದರು.

“ಹರಿಣಾಕ್ಷಿಗೆ ಹೇಳುವ. ಕಡ್ಡಿ ತೆಗ್ದುಕೊಂಡು ಹೋಗಿ ನಾಲ್ಕು ಗಿಡ ಮಾಡಿ ಕೊಡ್ತಾಳೆ” ಎಂದಳು ಅಕ್ಕ.

“ಅವಳಿಗೆ ಕಲಿಸಿದ್ದು ಯಾರು? ನಾನೇ ಮಾಡ್ತೇನೆ” ಎಂದೆ.

“ನೀನು ಬೋರ್ಡಿನಲ್ಲಿ ಮಾಡಿದ್ದು ಮಾರಾಯ. ಅವಳಿಗೆ ಕೈಯಲ್ಲಿ ಮಾಡಿ ಗೊತ್ತುಂಟು.”

ಇದನ್ನು ಅಕ್ಕ ಹೇಳಿದ್ದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಅರ್ಧ ಖಾರ ದಾರಿಯಲ್ಲೇ ಚೆಲ್ಲಿಹೋಗಿದೆ. ನಾನು ಕಿವಿಗೆ ಹಾಕಿಕೊಳ್ಳದೆ ಹನ್ನೆರಡು ಕಡ್ಡಿ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಸ್ಕೂಟರಿನ ಡಿಕ್ಕಿಯಲ್ಲಿಟ್ಟೆ. ನೇರ ಮೂಡುಬಿದಿರೆಯ ನನ್ನ ಮನೆಗೆ ಬರಬೇಕಿತ್ತು. ಆದರೆ ಆ ದಿನ ಬಂಟ್ವಾಳದಲ್ಲಿ ಒಂದು ಮದುವೆ ಇತ್ತು. ನಾನು ಪಂಕ್ತಿಯಲ್ಲಿ ಕೂತು ಎರಡನೇ ಸಲ ಪಾಯಸ ಹಾಕಿಸಿಕೊಳ್ಳುವಾಗ ಕಡ್ಡಿಗಳು ಹೊರಗೆ ಬಿಸಿಲಿನಲ್ಲಿ ಬೇಯುತ್ತಿದ್ದವು.

ನಾವು ತಿಂದು ಎಸೆದ ಗೊರಟುಗಳಿಂದ ಮನೆಯ ಹಿಂದಿನ ಕಸದ ಗುಂಡಿಯಲ್ಲಿ ಎದ್ದ ಮಾವಿನ ಸಸಿಗಳಿದ್ದವು. ಅವುಗಳ ಕುಲಗೋತ್ರ ಯಾರಿಗೂ ಗೊತ್ತಿಲ್ಲ. ಅವನ್ನು ಚೀಲಗಳಿಗೆ ಏರಿಸಿ, ತಲೆ ಕತ್ತರಿಸಿ, ಗಡ್ಡದ ಬ್ಲೇಡಿನಿಂದ ಸೀಳಿ, ಕಡ್ಡಿಯ ತುದಿ ಚೂಪು ಮಾಡಿ ಸಿಕ್ಕಿಸಿದೆ. ಕೊಯ್ದುಕೊಂಡ ಬೆರಳಿಗೆ ಬಟ್ಟೆ ಸುತ್ತುವ ಹಾಗೆ ದಪ್ಪಕ್ಕೆ ಪ್ಲಾಸ್ಟಿಕ್ ಪಟ್ಟಿ ಸುತ್ತಿದೆ. ಮೇಲೆ ಐಸ್‌ಕ್ಯಾಂಡಿಯ ಉದ್ದ ಕವರು ತೊಡಿಸಿ ನಲ್ಲಿಕಟ್ಟೆಯ ನೆರಳಿನಲ್ಲಿ ಸಾಲಾಗಿ ನಿಲ್ಲಿಸಿದೆ. ಮೂರು ವಾರ ಕವರು ಮುಟ್ಟಬಾರದು, ಗಂಟಿನ ಕೆಳಗೆ ಚಿಗುರಿದ್ದನ್ನು ಆಗಾಗ ಚಿವುಟಿ ತೆಗೆಯಬೇಕು, ಇಷ್ಟೇ ನಿಯಮ. ಇದನ್ನು ನಾನು ಮೂವತ್ತೊಂದು ಸಲ ಗಟ್ಟಿ ಸ್ವರದಲ್ಲಿ ಹೇಳಿದವನು. ಆದರೂ ಪ್ರತಿದಿನ ಬೆಳಿಗ್ಗೆ ಕಾಫಿ ಕುಡಿದು, ಉತ್ತರ ಪತ್ರಿಕೆ ತಿದ್ದುವ ಹಳೆಯ ಚಟದಲ್ಲಿ, ಹನ್ನೆರಡು ಕವರುಗಳನ್ನೂ ಎತ್ತಿ ನೋಡುತ್ತಿದ್ದೆ. ಗಾಳಿ ತಾಗದಿರಲಿ ಎಂದು ಹಾಕಿದ ಕವರನ್ನು ದಿನಾ ತೆಗೆದು ಗಾಳಿ ತಾಗಿಸಿದೆ. ಚಿವುಟುವ ವಿಷಯ ಮಾತ್ರ ನೆನಪೇ ಆಗಲಿಲ್ಲ.

ಹನ್ನೊಂದು ಕಡ್ಡಿಗಳು ಒಂದೊಂದಾಗಿ ಕಪ್ಪಾದವು. ಹನ್ನೆರಡನೆಯದರ ಕವರಿನೊಳಗೆ ಒಂದು ಬೆಳಿಗ್ಗೆ ತಾಮ್ರದ ಬಣ್ಣದ ಎರಡು ಎಲೆ ಕಂಡವು. ಕಾಫಿ ಅಲ್ಲೇ ಬಿಟ್ಟು ಅಕ್ಕನಿಗೆ ಫೋನ್ ಮಾಡಿದೆ.

“ಹಿಡಿಯಿತು ಅಕ್ಕ.”

“ಸರಿ ನೋಡಿದೆಯಾ?”

“ನೋಡುವುದೇನು, ಎಲೆ ಬಂದಿದೆ.”

“ನಾಳೆ ಹರಿಣಾಕ್ಷಿ ಬರ್ತೇನೆ ಅಂದಿದ್ದಾಳೆ. ಮರ ಕಡಿಯುವ ಮೊದಲು ಅವಳೂ ನಾಲ್ಕು ಕಡ್ಡಿ ಕೊಂಡುಹೋಗಲಿ ಅಂತ.”

“ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ?”

“ಆಯ್ತು, ಬೇಡ ಅಂತ ಹೇಳ್ತೇನೆ” ಎಂದಳು ಅಕ್ಕ. ಶಿಷ್ಯೆಯನ್ನು ಸೋಲಿಸಿದ ಖುಷಿಯಲ್ಲಿ ಆ ದಿನ ಎರಡು ದೋಸೆ ಜಾಸ್ತಿ ತಿಂದೆ. ಮುಂದಿನ ವಾರ ಕಕ್ಕಿಂಜೆಯ ಮರ ಅರ್ಧ ಗಂಟೆಯಲ್ಲಿ ಉರುಳಿತು.

ತಿಂಗಳಾದ ಮೇಲೆ ಗಿಡ ಕೊಂಡುಹೋಗಲು ಅಕ್ಕ ಬಂದಳು, ಹರಿಣಾಕ್ಷಿಯ ಪಿಕಪ್ಪಿನಲ್ಲಿ. ಹರಿಣಾಕ್ಷಿ ನನಗೆ ನಮಸ್ಕಾರ ಮಾಡಿ, ಗಿಡದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕವರು ತೆಗೆದಳು, ನಿಧಾನವಾಗಿ ಪಟ್ಟಿ ಬಿಚ್ಚಿದಳು. ನಾನು ಕೂರಿಸಿದ ಕಡ್ಡಿ ಉರಿದ ಬೆಂಕಿಕಡ್ಡಿಯ ಹಾಗೆ ನಿಂತಿತ್ತು. ನಾನು ದಪ್ಪಕ್ಕೆ ಸುತ್ತಿದ ಪಟ್ಟಿಯೊಳಗೆ ನುಸುಳಿ ಮೇಲೆ ಬಂದ ಚಿಗುರು ಹುಟ್ಟಿದ್ದು ಗಂಟಿಗಿಂತ ಎರಡು ಬೆರಳು ಕೆಳಗೆ. ಅವಳು ಒಂದು ಎಲೆ ಕಿತ್ತು, ಹಿಸುಕಿ, ಮೂಸಿ, ಅಕ್ಕನ ಕೈಗೆ ಕೊಟ್ಟಳು.

ಅಕ್ಕ ಮೂಸಿದಳು. ಇನ್ನೊಮ್ಮೆ ಹಿಸುಕಿ ಮೂಸಿದಳು. “ಜೀರಿಗೆ ಇಲ್ಲ ಇದರಲ್ಲಿ” ಎಂದಳು.

ತುಳುವಿನಲ್ಲಿ ಅಷ್ಟೂ ಖಾರ ಸೇರಿಸಿ ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ಎಲೆಯನ್ನು ಸೆರಗಿನ ತುದಿಯಲ್ಲಿ ಒರೆಸುತ್ತಾ, “ಹಾಗಾದ್ರೆ ಇದು ಯಾವ ಮರ?” ಎಂದು ನನ್ನನ್ನೇ ಕೇಳಿದಳು.

ಉತ್ತರ ಗೊತ್ತಿದ್ದ ಹರಿಣಾಕ್ಷಿ ತಲೆ ತಗ್ಗಿಸಿ ನಿಂತಿದ್ದಳು, ಮೇಷ್ಟ್ರ ಎದುರು ಬಾಯಿ ಹಾಕಬಾರದೆಂಬ ಮರ್ಯಾದೆಯಲ್ಲಿ. ಹಿಂದೊಮ್ಮೆ ಇದೇ ಪ್ರಶ್ನೆಗೆ ಅವಳನ್ನು ಕೂರಿಸಿದವನು ನಾನು. ಈ ಸಲ ಯಾರೂ ಹೇಳದೆಯೇ ನಲ್ಲಿಕಟ್ಟೆಯ ಮೇಲೆ ಕೂತುಕೊಂಡೆ.