ಗಾಲಿಯ ಸುದ್ದಿ

ನಾನು ನಿಂತಿದ್ದದ್ದು ಟಿಕೋಟಾದ ಹೊರಗೆ, ಬಬಲೇಶ್ವರದ ಹಾದಿ ಒಡೆಯುವಲ್ಲಿನ ಬೇವಿನ ಗಿಡದ ಮಗ್ಗುಲಿಗೆ. ಮಗ್ಗುಲಿಗೆ ಯಾಕೆಂದರೆ, ನೆರಳನ್ನು ಅಪ್ಪ ಹಿಡಿದಿದ್ದ. ಎಪ್ಪತ್ತರ ದಶಕ, ಸುಗ್ಗಿ ಮುಗಿದ ಒಂದು ರವಿವಾರ, ಬಿಸಿಲೇರುವ ಹೊತ್ತು. ಇಷ್ಟು ಬಿಗಿಯಾಗಿ ಹೇಳುತ್ತಿರುವುದು ಮುಂದಿನದನ್ನು ಯಾರೂ ನಂಬುವುದಿಲ್ಲ ಎಂಬ ಭಯಕ್ಕೆ. ನಮ್ಮ ಕಾಕಾ ಓಡುವ ಮೋಟರ್ ಸೈಕಲ್ಲಿನ ಮೇಲೆ ಎರಡೂ ಕೈ ಬಿಟ್ಟು, ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ಬರುತ್ತಿದ್ದ! ಹಿಂದೆ ಅವನ ಹೆಂಡತಿ ಗಂಗಾಕಾಕು ಕೂತಿದ್ದಳು.

ಕೈ ಬಿಟ್ಟರೆ ಗಾಡಿ ನಿಧಾನವಾಗಬೇಕಲ್ಲ? ಅದು ನಿಮ್ಮ ನಮ್ಮ ಗಾಡಿ. ಕಾಕಾ ಎಕ್ಸಲೇಟರಿನ ಹಿಡಿಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ್ದ. ತಿರುವಿದ್ದು ತಿರುವಿದಲ್ಲೇ ಕಚ್ಚಿಕೊಂಡು ನಿಲ್ಲುತ್ತಿತ್ತು. "ಮುಂದೊಂದ ದಿವಸ ಎಲ್ಲಾ ಗಾಡಿ ಹಿಂಗ ತಾವಾಗೇ ಓಡತಾವ, ನೋಡಕೋತಿರು," ಎನ್ನುತ್ತಿದ್ದ. ಸರಿ. ಆದರೆ ಏರಿನಲ್ಲಿ ವೇಗ ಇಳಿಯುತ್ತದೆ, ಇಳಿಜಾರಿನಲ್ಲಿ ಏರುತ್ತದೆ. ಈಗೆಷ್ಟು ಜೋರಿದ್ದೇವೆ ಎಂದು ಹೇಳುವವರು ಯಾರು?

"ಗಾಲಿನ್ನ ಕೇಳಬೇಕು. ಇಂಜಿನ್ ಬರೇ ಒದರತೈತಿ. ಖರೇ ಸುದ್ದಿ ಇರೂದು ಗಾಲಿ ಕಡೆ," ಎಂಬುದು ಕಾಕಾನ ಸಿದ್ಧಾಂತ.

ಗಾಲಿ ಸುದ್ದಿ ಕಳಿಸುತ್ತಿದ್ದದ್ದು ಒಂದು ಕೇಬಲ್ಲಿನ ಮೂಲಕ. ಗಾಲಿ ತಿರುಗಿದಂತೆ ಅದರೊಳಗಿನ ತಂತಿ ತಿರುಗಿ ಮೀಟರಿನ ಮುಳ್ಳನ್ನು ಎಬ್ಬಿಸಬೇಕು. ಕಳ್ಳಕವಟಗಿಯ ಹಾದಿಯಲ್ಲಿ ಒಮ್ಮೆ ಆ ತಂತಿ ಹರಿಯಿತು. ಮುಳ್ಳು ಸೊನ್ನೆಯ ಮೇಲೆ ಕಾಯಂ ಮಲಗಿತು. ಆಮೇಲೆ ವಿಜಾಪುರದ ಗಾಂಧಿ ಚೌಕದಲ್ಲಿ ಪೊಲೀಸನೊಬ್ಬ ಅಡ್ಡಗಟ್ಟಿ, "ಎಷ್ಟ ಜೋರ ಹೊಂಟೀಯೋ ಯಪ್ಪಾ!" ಎಂದು ಗದರಿದರೆ, ಕಾಕಾ ಮೀಟರ್ ತೋರಿಸಿದ:

"ಮುಳ್ಳ ನೋಡ್ರಿ ಸಾಹೇಬ್ರ. ನಾ ಇನ್ನೂ ಮನಿ ಬಿಟ್ಟಿಲ್ಲ!"

ಹೊಸ ಕೇಬಲ್ ಹಾಕಿಸಬಹುದಿತ್ತು. ಎಲ್ಲರೂ ಹಾಗೆ ಮಾಡುತ್ತಾರೆ. ಆದ್ದರಿಂದ ಕಾಕಾ ಮಾಡಲಿಲ್ಲ. ಗೆಳೆಯರ ಇಸ್ಪೀಟಿನ ಕಟ್ಟಿನಿಂದ ಒಂದು ಎಲೆ ತಂದು, ಅದು ಗಾಲಿಯ ಕಡ್ಡಿಗಳಿಗೆ ತಾಗುವಂತೆ ಬಟ್ಟೆ ಒಣಹಾಕುವ ಚಿಮಟಾ ಹಾಕಿ ಸಿಗಿಸಿದ. ನಿಧಾನವಿದ್ದರೆ ಟರ್‌-ಟರ್‌, ಜೋರಾದರೆ ಟರ್ರ್ರ್! ಕಿವಿಯಿಂದಲೇ ವೇಗ ಅಳೆಯಬಹುದು.

"ಲೇ, ಕಳಾವರ ರಾಜಾ ಎಲ್ಲಿ ಹೋದ?" ಎಂದು ಗೆಳೆಯರು ಕೂಗಾಡಿದರು.

"ಗಾಲ್ಯಾಗ ದುಡ್ಯಾಕತ್ತಾನ. ನಿಮ್ಮ ಕೈಯಾಗ ಇದ್ದಾಗ ಅಂವಾ ಏನ ಮಾಡ್ಯಾನ, ಹೇಳ್ರಿ!"

ಎಲ್ಲ ಸರಿಹೋಗಿತ್ತು, ಒಂದು ಸಣ್ಣ ಅಡಚಣೆಯ ಹೊರತು. ಹತ್ತಿಯ ಬೀಜ ಬಿಡಿಸುವ ಯಂತ್ರದ ಮುಂದೆ ದುಡಿದು ದುಡಿದು ಕಾಕಾನ ಕಿವಿ ಮಂದವಾಗಿದ್ದವು. ಮನೆಯವರಿಗೆಲ್ಲ ಅದು ಅನುಮಾನ, ಕಾಕುವಿಗೆ ಮಾತ್ರ ಖಾತ್ರಿ. ಹಿರಿಯನಾದ ಅಪ್ಪ ಸಾರಿಬಿಟ್ಟಿದ್ದ: "ಕಿವಿ ಕೇಳಂಗಿಲ್ಲ ಅನ್ನೂದು ಗೊತ್ತಾತಂದ್ರ ಗಾಡಿ ಕೀಲಿ ನನ್ನ ಕೈಯಾಗ ಕೊಡಬೇಕು, ತಿಳೀತಿಲ್ಲೋ?" ಗಾಡಿ ಹೋದರೆ ಕಾಕಾನಲ್ಲಿ ಉಳಿಯುವುದಾದರೂ ಏನು? ಸೈಕಲ್ ಟ್ಯೂಬು!

ಹೀಗಾಗಿ ಕೇಳುವ ಕೆಲಸ ಕಾಕುವಿನದಾಯಿತು. ಇಸ್ಪೀಟಿನ ಎಲೆಯ ಸದ್ದು ಏರಿದರೆ ಅವಳು ಕಾಕಾನ ಬಲ ಹೆಗಲು ತಟ್ಟುತ್ತಿದ್ದಳು, ಇಳಿದರೆ ಎಡ ಹೆಗಲು. ಅವನು ಅದಕ್ಕೆ ತಕ್ಕಂತೆ ಹಿಡಿ ತಿರುವುತ್ತಿದ್ದ. ಗಾಲಿಯ ಸುದ್ದಿ ಒಂದು ಸಂಸಾರವನ್ನೇ ಹಾದು ಅವನ ಬಲಗೈ ಮುಟ್ಟುತ್ತಿತ್ತು.

ಬೇವಿನ ಗಿಡಕ್ಕೆ ಬರೋಣ. ಬಿಜ್ಜರಗಿಯ ಸಿದ್ದಪ್ಪ ತನ್ನ ಕುರಿಗಳನ್ನು ರಸ್ತೆ ದಾಟಿಸುತ್ತಿದ್ದ. ಕಾಕಾನ ಕಣ್ಣು ವೀಳ್ಯದೆಲೆಯ ಮೇಲೆ. "ಹೋಯ್, ನಿಂದ್ರಸ್ರೀ!" ಎಂದು ಸಿದ್ದಪ್ಪ ಒದರಿದ. ಅಪ್ಪನೂ ನಾನೂ ಒದರಿದೆವು. ಕಾಕಾ ಅಡಿಕೆ ಹಾಕುತ್ತಿದ್ದ. ಕಾಕು ಎರಡೂ ಕೈಯಿಂದ ಅವನ ಎರಡೂ ಹೆಗಲನ್ನು ದಬದಬ ಬಡಿದಳು. ಈ ಸಂಕೇತ ಅವರ ಕರಾರಿನಲ್ಲಿರಲಿಲ್ಲ! ಅವನು ಹಿಂತಿರುಗಿ ಕೇಳಿದ:

"ಎರಡೂ ಕಡೆ ಬಡದ್ರ ಏನಂತ ತಿಳಕೋಬೇಕು?"

ಉತ್ತರ ಬರುವ ಮೊದಲೇ ಗಾಡಿ ಕುರಿಗಳನ್ನು ಬಿಟ್ಟು, ರಸ್ತೆಯನ್ನೂ ಬಿಟ್ಟು, ಹರಗಿದ ಎರೆಹೊಲಕ್ಕೆ ಇಳಿದು ಮಲಗಿತು. ಮಣ್ಣು ಮೆತ್ತಗಿತ್ತು. ಇಬ್ಬರೂ ಎದ್ದು ಕೂತರು.

ಅಪ್ಪ ಹೋಗಿ ಮೊದಲು ಕೀಲಿ ಕಿತ್ತುಕೊಂಡ. "ಮೂರ ಮಂದಿ ಒದರಿದ್ದು ಕೇಳಲಿಲ್ಲೇನಲೇ?"

ಕಾಕಾ ಅಪ್ಪನ ತುಟಿ ನೋಡುತ್ತಿದ್ದ.

ನಮ್ಮ ಮನೆಯಲ್ಲಿ ತಮ್ಮನ ಹೆಂಡತಿ ಭಾವನೆದುರು ನಿಂತು ಮಾತಾಡುವ ಪದ್ಧತಿಯಿರಲಿಲ್ಲ. ಕಾಕು ಮಣ್ಣು ಹತ್ತಿದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎದ್ದು ನಿಂತಳು.

"ಅವರಿಗೆ ಕೇಳಿತ್ರಿ ಭಾವಾರ. ನನಗ ತೂಕಡಿಕಿ ಬಂದು ಅವರ ಮ್ಯಾಲೆ ಬಿದ್ನಿ. ತಪ್ಪ ನಂದು."

ತೂಕಡಿಸುವವರು ಹಾಗೆ ಎರಡೂ ಕೈಯಿಂದ ಬಡಿಯುತ್ತಾರೆಯೇ? ಅಪ್ಪನೂ ಕಂಡಿದ್ದ. ಅವನು ಬಗ್ಗಿ ಗಾಡಿ ಎತ್ತಿ ನಿಲ್ಲಿಸಿದ. ಆಮೇಲೆ ಕೀಲಿಯನ್ನು ಪೆಟ್ರೋಲ್ ಟಾಕಿಯ ಮೇಲಿಟ್ಟು, "ಹಂಗಾದ್ರ ಇನ್ನ ಮುಂದ ತೂಕಡಸಬ್ಯಾಡವಾ," ಎಂದ.

"ಏನಂದ್ಲೋ ಅಕಿ?" ಎಂದು ಕಾಕಾ ನನ್ನನ್ನು ಕೇಳಿದ. ನಾನು ಹೇಳಲಿಲ್ಲ, ಹೇಳಿದ್ದರೂ ಕೇಳುತ್ತಿರಲಿಲ್ಲ. ಅವನ ಮುಷ್ಟಿಯಲ್ಲಿ ವೀಳ್ಯದೆಲೆ ಹಾಗೇ ಇತ್ತು. ಮೇಲಿನ ಮಣ್ಣು ಊದಿ ಅದನ್ನು ಅವಳಿಗೆ ಕೊಟ್ಟ. ಅವನು ಸುಣ್ಣ ಹಚ್ಚುತ್ತಿದ್ದದ್ದು ಅವಳಿಗಾಗಿಯೇ ಅಂತೆ.

ಇದನ್ನು ಕಂಡವರಲ್ಲಿ ಅಪ್ಪ ಈಗಿಲ್ಲ, ಕಾಕಾ ಇಲ್ಲ. ಉಳಿದವರು ನಾನು, ಬಿಜ್ಜರಗಿಯ ಸಿದ್ದಪ್ಪ, ಮತ್ತು ಗಂಗಾಕಾಕು. ಮೊನ್ನೆ ಅವಳನ್ನು ಬಸ್ಸಿನಲ್ಲಿ ಬಬಲೇಶ್ವರಕ್ಕೆ ಕರೆದುಕೊಂಡು ಹೋದೆ. ಇಳಿಜಾರಿನಲ್ಲಿ ಬಸ್ಸು ಜೋರಾಯಿತು. ಕಿಟಕಿಯಾಚೆ ನೋಡುತ್ತಿದ್ದವಳ ಕೈ ತಾನಾಗಿ ಎದ್ದು, ಮುಂದಿನ ಸೀಟಿನ ಬಲ ಮೂಲೆಯನ್ನು ಮೆಲ್ಲಗೆ ತಟ್ಟಿತು.